ನೇಗಿಲ ಹಲಗೆಯ ಕವಚ

ಮೆಲ್ಬರ್ನ್ ನಗರದಲ್ಲಿರುವ ವಿಕ್ಟೋರಿಯ ರಾಜ್ಯ ಗ್ರಂಥಾಲಯದ ಸಂಗ್ರಹದಲ್ಲಿ ಪುಸ್ತಕಗಳ ಜೊತೆಗೆ ಒಂದು ಕಬ್ಬಿಣದ ಅಂಗಿಯೂ ಇದೆ. ತಲೆಯನ್ನು ಪೂರ್ತಿ ಮುಚ್ಚುವ, ಕಣ್ಣಿನ ಎತ್ತರಕ್ಕೆ ಮಾತ್ರ ಒಂದು ಸೀಳು ಬಿಟ್ಟ, ಕೊಳಗದಂಥ ಶಿರಸ್ತ್ರಾಣ. ಎದೆಗೊಂದು ಫಲಕ, ಬೆನ್ನಿಗೊಂದು ಫಲಕ. ಹೆಗಲ ಮೇಲೆ ತುಂಡು ತಗಡು. ಹೊಟ್ಟೆಯ ಕೆಳಗೆ ತೊಡೆಗಳ ಮುಂದೆ ಇಳಿಬೀಳುವ ಇನ್ನೊಂದು ಫಲಕ. ಕಬ್ಬಿಣದ ದಪ್ಪ ಸುಮಾರು 6 ಮಿಲಿಮೀಟರ್. ಒಟ್ಟು ತೂಕ ಸುಮಾರು 44 ಕಿಲೋ, ಎಂದರೆ ಒಂದು ಸಿಮೆಂಟು ಚೀಲಕ್ಕಿಂತ ಆರು ಕಿಲೋ ಮಾತ್ರ ಕಡಿಮೆ. ಇದನ್ನು ತೊಟ್ಟು ನಡೆದವನು, ಓಡಲು ಯತ್ನಿಸಿದವನು, ಬಂದೂಕು ಹಿಡಿದು ಕಾದಿದವನು ನೆಡ್ ಕೆಲ್ಲಿ ಎಂಬ ಇಪ್ಪತ್ತೈದರ ಆಸುಪಾಸಿನ ಯುವಕ. ಯಾವ ಅರಮನೆಯ ಆಯುಧಶಾಲೆಯಲ್ಲೂ ಇದು ತಯಾರಾಗಲಿಲ್ಲ. ಕಾಡಿನ ಅಂಚಿನಲ್ಲಿ, ಮನೆಯ ಬೆಂಕಿಯಲ್ಲಿ, ನೇಗಿಲುಗಳನ್ನು ಕಳಚಿ, ಕೈಯಿಂದಲೇ ಬಡಿದು ಮಾಡಿದ ಕವಚವಿದು. ಇಂಥವು ಒಟ್ಟು ನಾಲ್ಕು ಇದ್ದವು, ನಾಲ್ಕೂ ಉಳಿದಿವೆ.

ಆಸ್ಟ್ರೇಲಿಯದ ಮಕ್ಕಳಿಗೆಲ್ಲ ಗೊತ್ತಿರುವ ಈ ಕಥೆ ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಗೊತ್ತಿರುವವರಿಗೂ ಅದು ಒಬ್ಬ ದರೋಡೆಕೋರನ ರೋಚಕ ಕಥೆಯಾಗಿ, ಇಲ್ಲವೇ ಬಡವರ ಬಂಧುವೊಬ್ಬನ ವೀರಗಾಥೆಯಾಗಿ ತಲುಪಿರುತ್ತದೆ. ಈ ಎರಡು ಪಾಠಗಳ ಜಗಳದಲ್ಲಿ ಕವಚವು ಒಂದು ಅಲಂಕಾರವಾಗಿ, ನಾಟಕದ ವೇಷವಾಗಿ ಪಕ್ಕಕ್ಕೆ ಸರಿಯುತ್ತದೆ. ನಾವು ಅದನ್ನು ಬೇರೆ ರೀತಿಯಲ್ಲಿ ನೋಡಬಯಸುತ್ತೇವೆ. ಓದುಬರಹ ಕಡಿಮೆಯಿದ್ದ ಜನ ಬಿಟ್ಟುಹೋದ ವಸ್ತುಗಳೂ ದಾಖಲೆಗಳೇ. ಅವನ್ನು ತಾಮ್ರಶಾಸನವನ್ನು ಓದುವಷ್ಟೇ ಜಾಗರೂಕತೆಯಿಂದ ಓದಬಹುದು. ಈ ಕಬ್ಬಿಣದಲ್ಲಿ ಏನು ಬರೆದಿದೆ ಎಂಬುದು ನಮ್ಮ ಪ್ರಶ್ನೆ.

ಮೊದಲು ನೇಗಿಲಿನ ವಿಚಾರ. ನಮ್ಮ ಹಳೆಯ ಮರದ ನೇಗಿಲು ಭೂಮಿಯನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಯುರೋಪಿನಿಂದ ಬಂದ ಕಬ್ಬಿಣದ ನೇಗಿಲಿಗೆ ಗುಳದ ಹಿಂದೆ ಬಾಗಿದ, ಸ್ವಲ್ಪ ತಿರುಚಿದ ಒಂದು ಅಗಲವಾದ ಹಲಗೆ ಇರುತ್ತದೆ. ಸೀಳಿದ ಮಣ್ಣನ್ನು ಅದು ಮೇಲೆತ್ತಿ ಮಗ್ಗುಲಿಗೆ ಉರುಳಿಸುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಬ್ಬಿಣದ ರಂಟೆ ಹೊಡೆದವರಿಗೆ ಇದರ ಆಕಾರವನ್ನು ಬಣ್ಣಿಸಬೇಕಾಗಿಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಇಂಥ ನೇಗಿಲನ್ನು ತಯಾರಿಸಿದ್ದು 1903ರ ಸುಮಾರಿಗೆ. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂಬ ಅಂಜಿಕೆಯಿಂದ ಮೊದಮೊದಲು ಅದನ್ನು ಕೊಳ್ಳುವವರೇ ಇರಲಿಲ್ಲ. ಪುಣೆ, ಸಾಂಗಲಿಗಳ ಕಡೆಯ ನಮ್ಮ ಓದುಗರು ಕಿರ್ಲೋಸ್ಕರವಾಡಿಯ ದಾರಿಯಲ್ಲಿ ಹೋಗುವಾಗ ಇದನ್ನು ನೆನೆಯಬಹುದು. ಕೆಲ್ಲಿಯ ಕವಚಗಳೆಲ್ಲ ಆ ಮಗುಚುವ ಹಲಗೆಗಳಿಂದ ಆದವು. ಕವಚದ ಕಬ್ಬಿಣದ ಮೇಲೆ ಹ್ಯೂ ಲೆನನ್ ಎಂಬ ನೇಗಿಲು ತಯಾರಕನ ಮುದ್ರೆ ಇಂದಿಗೂ ಉಳಿದಿದೆ.

ವಿಕ್ಟೋರಿಯದ ಬಡ ರೈತನ ಮನೆಯಲ್ಲಿ ಈ ನೇಗಿಲು ಇದ್ದುದಕ್ಕೆ ಕಾರಣ ಕೃಷಿ ಮಾತ್ರವಲ್ಲ, ಕಾನೂನು ಕೂಡ. ಚಿನ್ನದ ಗಣಿಗಳ ಅಬ್ಬರ ಇಳಿದ ಮೇಲೆ ಸಾವಿರಾರು ಜನ ಭೂಮಿ ಕೇಳತೊಡಗಿದರು. ಒಳ್ಳೆಯ ನೆಲವೆಲ್ಲ ದನಕುರಿಗಳ ದೊಡ್ಡ ಒಡೆಯರ, ಅಲ್ಲಿಯ ಮಾತಿನಲ್ಲಿ ಸ್ಕ್ವಾಟರುಗಳ, ಕೈಯಲ್ಲಿತ್ತು. 1860ರ ದಶಕದ ಭೂಕಾಯಿದೆಗಳು ಸಣ್ಣ ಹಿಡುವಳಿದಾರರಿಗೆ ದಾರಿ ತೆರೆದವು. 1869ರ ಕಾಯಿದೆಯಂತೆ ಒಬ್ಬನು 320 ಎಕರೆಯವರೆಗೆ ಆಯ್ದುಕೊಳ್ಳಬಹುದಿತ್ತು. ಆದರೆ ಅವನು ಅಲ್ಲಿಯೇ ವಾಸಿಸಬೇಕು, ಬೇಲಿ ಹಾಕಬೇಕು, ಹತ್ತರಲ್ಲೊಂದು ಭಾಗವನ್ನಾದರೂ ಉತ್ತು ಬೆಳೆ ತೆಗೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನೆಲ ಕೈಬಿಡುವ ಭಯ. ಕಲ್ಲು, ಬೊಡ್ಡೆ ತುಂಬಿದ ಕಾಡುನೆಲವನ್ನು ಉಳಲು ಕಬ್ಬಿಣದ ನೇಗಿಲು ಬೇಕೇ ಬೇಕು. ಹೀಗೆ ನೇಗಿಲು ಅವರ ಪಾಲಿಗೆ ಸರ್ಕಾರಕ್ಕೆ ಕೊಟ್ಟ ಮಾತಿನ ಗುರುತಾಗಿತ್ತು. ಅದರ ಹಲಗೆಯನ್ನು ಕಳಚಿ ಸರ್ಕಾರದ ಗುಂಡಿಗೆ ಅಡ್ಡ ಹಿಡಿಯುವುದೆಂದರೆ ಏನೆಂಬುದನ್ನು ಓದುಗರು ಊಹಿಸಬಲ್ಲರು.

ಕೆಲ್ಲಿ ಮನೆತನ ಇಂಥ ರೈತರದು. ತಂದೆ ಜಾನ್ ಕೆಲ್ಲಿ ಐರ್ಲೆಂಡಿನ ಟಿಪ್ಪರರಿಯವನು. ಎರಡು ಹಂದಿಗಳನ್ನು ಕದ್ದ ಅಪರಾಧಕ್ಕೆ ಗಡೀಪಾರಾಗಿ ಬಂದವನು. 1866ರಲ್ಲಿ ಅವನು ತೀರಿಕೊಂಡ. ತಾಯಿ ಎಲೆನ್ ಮಕ್ಕಳೊಂದಿಗೆ ಗ್ರೀಟಾ ಎಂಬ ಊರಿನ ಬಳಿ ನೆಲೆಸಿದಳು. ಹುಡುಗ ನೆಡ್ ಅವೆನೆಲ್ ಎಂಬ ಊರಿನಲ್ಲಿದ್ದಾಗ ಹೊಳೆಯಲ್ಲಿ ಮುಳುಗುತ್ತಿದ್ದ ಒಬ್ಬ ಬಾಲಕನನ್ನು ಉಳಿಸಿದ್ದ. ಕೃತಜ್ಞರಾದ ಆ ಮನೆಯವರು ಅವನಿಗೆ ಹಸಿರು ರೇಷ್ಮೆಯ, ಬಂಗಾರದ ಅಂಚಿನ ನಡುಪಟ್ಟಿಯೊಂದನ್ನು ಕೊಟ್ಟಿದ್ದರು. ಅದು ಮುಂದೆ ಮತ್ತೆ ಬರುತ್ತದೆ. ಕುದುರೆ ಕಳ್ಳತನ, ಹೊಡೆದಾಟ, ಜೈಲು, ಬಿಡುಗಡೆ ಎಂದು ಅವನ ಹರೆಯ ಕಳೆಯಿತು. ಅವೆಲ್ಲ ಸುಳ್ಳು ಮೊಕದ್ದಮೆಗಳೆಂದು ಅಭಿಮಾನಿಗಳು ಹೇಳುವುದನ್ನು ನಾವು ಒಪ್ಪುವುದಿಲ್ಲ. ಅವನು ಕುದುರೆಗಳನ್ನು ಕದಿಯುತ್ತಿದ್ದ. ಪೊಲೀಸರು ಆ ಮನೆಯನ್ನು ಬೆನ್ನು ಹತ್ತಿದ್ದರೆಂಬುದೂ ಅಷ್ಟೇ ನಿಜ.

1878ರ ಏಪ್ರಿಲ್ 15ರಂದು ಫಿಟ್ಜ್‌ಪ್ಯಾಟ್ರಿಕ್ ಎಂಬ ಪೇದೆ ಕೆಲ್ಲಿಯ ತಮ್ಮ ಡ್ಯಾನ್‌ನನ್ನು ಬಂಧಿಸಲು ಒಬ್ಬನೇ ಆ ಮನೆಗೆ ಹೋದ. ಅಲ್ಲಿ ನಡೆದದ್ದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಮಾತು. ಫಲವಾಗಿ ಎದೆಹಾಲು ಕುಡಿಯುವ ಕೂಸನ್ನು ಎತ್ತಿಕೊಂಡಿದ್ದ ತಾಯಿ ಎಲೆನ್‌ಗೆ ಮೂರು ವರ್ಷದ ಶಿಕ್ಷೆಯಾಯಿತು. ತೀರ್ಪು ಕೊಟ್ಟವರು ನ್ಯಾಯಮೂರ್ತಿ ರೆಡ್ಮಂಡ್ ಬ್ಯಾರಿ. ಅದೇ ವರ್ಷ ಅಕ್ಟೋಬರ್ 26ರಂದು ಸ್ಟ್ರಿಂಗಿಬಾರ್ಕ್ ಕ್ರೀಕ್ ಎಂಬಲ್ಲಿ ಕೆಲ್ಲಿ ಸಹೋದರರು, ಜೋ ಬರ್ನ್, ಸ್ಟೀವ್ ಹಾರ್ಟ್ ನಾಲ್ವರೂ ಸೇರಿ ತಮ್ಮನ್ನು ಹುಡುಕುತ್ತಿದ್ದ ಪೊಲೀಸರ ಮೇಲೆ ಬಿದ್ದರು. ಕೆನಡಿ, ಲೋನಿಗನ್, ಸ್ಕ್ಯಾನ್ಲನ್ ಎಂಬ ಮೂವರು ಸತ್ತರು. ಸರ್ಕಾರ ಹೊಸ ಕಾಯಿದೆ ಮಾಡಿ ನಾಲ್ವರನ್ನೂ ಕಾನೂನಿನ ರಕ್ಷಣೆಯಿಂದ ಹೊರಹಾಕಿತು: ಯಾರು ಬೇಕಾದರೂ ಕಂಡಲ್ಲಿ ಕೊಲ್ಲಬಹುದು. ಯೂರೋವದ ಬ್ಯಾಂಕು, ನಂತರ 1879ರ ಫೆಬ್ರವರಿಯಲ್ಲಿ ಜೆರಿಲ್ಡರಿಯ ಬ್ಯಾಂಕು ಲೂಟಿಯಾದವು. ಜೆರಿಲ್ಡರಿಯಲ್ಲಿ ನೆಡ್ ಒಂದು ದೀರ್ಘ ಪತ್ರವನ್ನು ಬಿಟ್ಟುಹೋದ. ಅದು ಅವನು ಹೇಳಿ ಜೋ ಬರ್ನ್ ಬರೆದದ್ದು, ತನ್ನ ಮನೆತನಕ್ಕಾದ ಅನ್ಯಾಯಗಳ, ಪೊಲೀಸರ ಮೇಲಿನ ಸಿಟ್ಟಿನ ಪ್ರವಾಹ. ಆ ಪತ್ರವೂ ಈಗ ಕವಚವಿರುವ ಗ್ರಂಥಾಲಯದಲ್ಲೇ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ಪತ್ರವನ್ನು ಓದುತ್ತಾರೆ, ಪ್ರವಾಸಿಗರು ಕವಚವನ್ನು ನೋಡುತ್ತಾರೆ. ಎರಡನ್ನೂ ಒಟ್ಟಿಗೆ ಓದಬೇಕೆಂಬುದು ನಮ್ಮ ಅನಿಸಿಕೆ, ಏಕೆಂದರೆ ಪತ್ರ ನಿಂತಲ್ಲಿಂದ ಕಬ್ಬಿಣ ಮುಂದುವರಿಯುತ್ತದೆ.

ಜೆರಿಲ್ಡರಿಯ ನಂತರ ಹದಿನಾರು ತಿಂಗಳು ಗುಂಪು ಕಣ್ಮರೆಯಾಯಿತು. ಲೂಟಿ ಇಲ್ಲ, ಸುಳಿವಿಲ್ಲ. ನಾಲ್ವರ ತಲೆಗೆ ಒಟ್ಟು 8,000 ಪೌಂಡುಗಳ ಬಹುಮಾನ ಘೋಷಣೆಯಾಗಿತ್ತು. 1879ರ ಜನವರಿಯಲ್ಲೇ ಪೊಲೀಸರು ಕೆಲ್ಲಿಯ ಕಡೆಯವರೆಂಬ ಗುಮಾನಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹಿಡಿದು, ಸಾಕ್ಷಿಯಿಲ್ಲದೆ ವಾರದಿಂದ ವಾರಕ್ಕೆ ಮುಂದೂಡುತ್ತ ತಿಂಗಳುಗಟ್ಟಲೆ ಬೀಚ್‌ವರ್ತ್ ಜೈಲಿನಲ್ಲಿಟ್ಟಿದ್ದರು. ಅವರ ಬೆಳೆ ಹೊಲದಲ್ಲೇ ಉಳಿಯಿತು. ಬಳಿಕ ಗುಮಾನಿಯ ಮನೆತನಗಳಿಗೆ ಹೊಸ ಭೂಮಿ ಕೊಡಬಾರದೆಂಬ ಪಟ್ಟಿಯೂ ತಯಾರಾಯಿತು. ಜಾಡು ಹಿಡಿಯುವುದರಲ್ಲಿ ನಿಪುಣರಾದ ಮೂಲನಿವಾಸಿಗಳ ತಂಡವೊಂದನ್ನು ಕ್ವೀನ್ಸ್‌ಲ್ಯಾಂಡಿನಿಂದ ಕರೆಸಲಾಯಿತು. ಕಾಡನ್ನು ಅಂಗೈಯಂತೆ ತಿಳಿದಿದ್ದ ನೆಡ್‌ಗೆ ಪೊಲೀಸರಿಗಿಂತ ಇವರ ಭಯವೇ ಹೆಚ್ಚಾಗಿತ್ತು. ಒಳ್ಳೆಯ ಕುದುರೆ, ಪರಿಚಿತ ಬೆಟ್ಟ, ಬಾಯಿ ಬಿಡದ ನೆಂಟರು ಎಂಬ ಮೂರು ಆಸರೆಗಳೂ ಒಂದೊಂದಾಗಿ ಸಡಿಲಗೊಳ್ಳುತ್ತಿದ್ದವು.

ಆ ಪ್ರಾಂತದ ರೈತರ ನೇಗಿಲುಗಳಿಂದ ಹಲಗೆಗಳು ಕಾಣೆಯಾಗತೊಡಗಿದ್ದು ಈ ಮೌನದ ಅವಧಿಯಲ್ಲೇ. ಕೆಲವನ್ನು ಕದ್ದರು, ಕೆಲವನ್ನು ಕೊಟ್ಟವರೂ ಇದ್ದರು.

ಕೆಲಸ ಹೇಗೆ ನಡೆದಿರಬಹುದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೇಗಿಲ ಹಲಗೆ ಚಪ್ಪಟೆ ತಗಡಲ್ಲ, ತಿರುಚು ಇರುವ ವಸ್ತು. ಅದನ್ನು ಮೈಗೆ ಹೊಂದುವ ಬಾಗಿಗೆ ತರಬೇಕಾದರೆ ಮೊದಲು ಅದರ ಸ್ವಂತ ತಿರುಚನ್ನು ಬಿಡಿಸಬೇಕು. ಆರು ಮಿಲಿಮೀಟರ್ ಕಬ್ಬಿಣ ತಣ್ಣಗಿದ್ದಾಗ ಸುತ್ತಿಗೆಗೆ ಬಗ್ಗುವುದಿಲ್ಲ. ಕೆಂಪಗೆ ಕಾಯಿಸಬೇಕು, ಕೆಂಪು ಇಳಿಯುವುದರೊಳಗೆ ಬಡಿಯಬೇಕು, ಮತ್ತೆ ಕಾಯಿಸಬೇಕು. ಅಡಿಗಲ್ಲಿನ ಬದಲು ಹಸಿ ಮರದ ದಿಮ್ಮಿಯನ್ನು ಬಳಸಿದರೆಂಬುದು ಆ ಪ್ರಾಂತದಲ್ಲಿ ಹರಿದುಬಂದ ಮಾತು. ಕಸುಬು ಬಲ್ಲವರಿಗೆ ಇದರ ಜಾಣತನ ತಿಳಿಯುತ್ತದೆ: ಹಸಿ ದಿಮ್ಮಿ ಕಾದ ಕಬ್ಬಿಣಕ್ಕೆ ಬೇಗ ಹೊತ್ತಿಕೊಳ್ಳದು, ಅದರ ದುಂಡೇ ಎದೆಯ ದುಂಡಿಗೆ ಅಚ್ಚಾಗುತ್ತದೆ, ಕಬ್ಬಿಣದ ಮೇಲೆ ಕಬ್ಬಿಣ ಬಡಿದ ಸದ್ದು ರಾತ್ರಿಯ ಕಣಿವೆಯಲ್ಲಿ ಮೊಳಗುವಷ್ಟು ಮೊಳಗದು. ತುಂಡುಗಳನ್ನು ರಿವೆಟ್, ಬೋಲ್ಟುಗಳಿಂದ ಬೆಸೆದು, ತೂಗುಹಾಕಲು ಚರ್ಮದ ಪಟ್ಟಿಗಳನ್ನು ಹಾಕಿದರು.

2003ರಲ್ಲಿ ಜೋ ಬರ್ನ್‌ನ ಕವಚವನ್ನು ಸಿಡ್ನಿಯ ಬಳಿಯ ಲೂಕಸ್ ಹೈಟ್ಸ್ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. ಲೋಹದ ಒಳಗಿನ ಹರಳುಗಳ ಜೋಡಣೆಯನ್ನು ನೋಡಿದರೆ ಅದು ಎಷ್ಟು ಕಾದಿತ್ತು, ಹೇಗೆ ತಣಿಯಿತು ಎಂಬುದು ತಿಳಿಯುತ್ತದೆ. ಕಬ್ಬಿಣ ಎಲ್ಲ ಕಡೆಯೂ ಸಮನಾಗಿ ಕಾದಿರಲಿಲ್ಲ. ತಾಪ ಸುಮಾರು 750 ಡಿಗ್ರಿಯವರೆಗೆ ಏರಿತ್ತು. ಎಂದರೆ ತಿದಿ, ಇದ್ದಿಲುಗಳಿರುವ ವೃತ್ತಿಪರ ಕಮ್ಮಾರನ ಕುಲುಮೆಯಲ್ಲ, ಕಾಡಿನ ಸೌದೆಯ ಒಲೆ. ಪರಿಣತ ಕಮ್ಮಾರರೇ ಗುಟ್ಟಾಗಿ ಮಾಡಿಕೊಟ್ಟಿರಬೇಕೆಂಬ ಊಹೆ ಅದುವರೆಗೆ ಬಲವಾಗಿತ್ತು. ಕನಿಷ್ಠ ಈ ಒಂದು ಕವಚದ ಮಟ್ಟಿಗೆ ಅದು ಮನೆಗೆಲಸವೇ ಎಂದು ಪರೀಕ್ಷೆ ತೋರಿಸಿತು. ಜನರ ಬಾಯಿಮಾತನ್ನು ಪರಮಾಣು ಕೇಂದ್ರ ಎತ್ತಿಹಿಡಿಯುವುದು ಚರಿತ್ರೆಯಲ್ಲಿ ದಿನವೂ ನಡೆಯುವ ಸಂಗತಿಯಲ್ಲ.

ಕವಚದ ಆಕಾರವೂ ಇದನ್ನೇ ಹೇಳುತ್ತದೆ. ಮಧ್ಯಯುಗದ ಯುರೋಪಿನ ಶಿರಸ್ತ್ರಾಣ ಬಟ್ಟಲಿನ ಹಾಗೆ ಎರಡೂ ದಿಕ್ಕಿಗೆ ದುಂಡಾಗಿರುತ್ತದೆ. ಚಪ್ಪಟೆ ತಗಡನ್ನು ಹಾಗೆ ಎಬ್ಬಿಸಲು ವರ್ಷಗಟ್ಟಲೆ ಕಲಿತ ಕೈ ಬೇಕು. ನಮ್ಮ ಕಂಚುಗಾರರು ಕೊಡದ ಹೊಟ್ಟೆಯನ್ನು ಬಡಿದು ಎಬ್ಬಿಸುವ ವಿದ್ಯೆ ಅದು. ಕೆಲ್ಲಿಯ ಶಿರಸ್ತ್ರಾಣದಲ್ಲಿ ಕಬ್ಬಿಣ ಒಂದೇ ದಿಕ್ಕಿಗೆ ಬಾಗಿದೆ, ಕಾಗದವನ್ನು ಸುರುಳಿ ಸುತ್ತಿದಂತೆ. ಮೇಲ್ಭಾಗ ತೆರೆದೇ ಇದೆ. ಯುರೋಪಿನ ಸರದಾರನ ಪೂರ್ಣ ಉಕ್ಕಿನ ಉಡುಪು ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತಿತ್ತು, ಮೈಯ ಎಲ್ಲ ಕೀಲುಗಳೂ ಅದರೊಳಗೆ ಆಡುತ್ತಿದ್ದವು, ತೊಟ್ಟವನು ಯಾರ ನೆರವೂ ಇಲ್ಲದೆ ಕುದುರೆ ಏರುತ್ತಿದ್ದ. ಇಲ್ಲಿ ಅದರ ಎರಡರಷ್ಟು ತೂಕ. ಆದರೂ ತೋಳುಗಳ ಬಹುಭಾಗ, ಮೊಣಕಾಲಿನಿಂದ ಕೆಳಗೆಲ್ಲ ಬಯಲು. ಭುಜಕ್ಕೆ ಬಂದೂಕನ್ನು ಒರಗಿಸಿ, ಸೀಳಿನ ಮೂಲಕ ಗುರಿಯಿಡುವುದು ಬಲು ಕಷ್ಟ. ಆದರೆ ಒಂದು ಮಾತನ್ನು ಅದರ ಪರವಾಗಿ ಹೇಳಲೇಬೇಕು. ಪೊಲೀಸರ ಮಾರ್ಟಿನಿ-ಹೆನ್ರಿ ಬಂದೂಕುಗಳ ಭಾರಿ ಸೀಸದ ಗುಂಡುಗಳು ಅದರ ಮೇಲೆ ಕುಳಿ ಬೀಳಿಸಿದವು, ತೂರಿಹೋಗಲಿಲ್ಲ.

ಈ ಲಕ್ಷಣಗಳಿಂದ ನಾವು ಎರಡು ಸಂಗತಿಗಳನ್ನು ಓದುತ್ತೇವೆ. ಓಡಿಹೋಗುವ ಉದ್ದೇಶವುಳ್ಳ ಯಾರೂ 44 ಕಿಲೋ ಕಬ್ಬಿಣವನ್ನು ತೊಡುವುದಿಲ್ಲ. ಕುದುರೆಯ ವೇಗವೇ ಉಸಿರಾಗಿದ್ದ ನಾಲ್ವರು ಕಾಲಾಳುಗಳಿಗೂ ಭಾರವಾಗುವ ಉಡುಪನ್ನು ತಿಂಗಳುಗಟ್ಟಲೆ ಶ್ರಮಿಸಿ ಮಾಡಿಕೊಂಡರೆಂದರೆ, ಇನ್ನು ಓಡುವುದಿಲ್ಲ, ಒಂದು ಜಾಗದಲ್ಲಿ ನಿಂತು ಎದುರಿಂದ ಬರುವವರೊಡನೆ ಕಾದುತ್ತೇವೆ ಎಂಬ ನಿರ್ಧಾರ ಎಂದೋ ಆಗಿತ್ತು. ಎರಡನೆಯದು, ಇದು ನಾಲ್ವರ ಗುಟ್ಟಲ್ಲ. ಹಲಗೆ ಕಳೆದುಕೊಂಡ ರೈತನಿಗೆ ಗೊತ್ತು, ಕೊಟ್ಟವನಿಗೆ ಗೊತ್ತು, ರಾತ್ರಿ ಸುತ್ತಿಗೆಯ ಸದ್ದು ಕೇಳಿದ ಮನೆಗಳಿಗೆ ಗೊತ್ತು. 8,000 ಪೌಂಡು ಬಡ ರೈತನ ಪಾಲಿಗೆ ಕನಸಿನಲ್ಲೂ ಕಾಣದ ಹಣ. ಆದರೂ ಗುಂಪು ಹಿಡಿಯಲ್ಪಡಲಿಲ್ಲ. ಕವಚಗಳ ಸುದ್ದಿ ಪೊಲೀಸರ ಕಿವಿಗೂ ಬಿದ್ದಿತ್ತು. ಮೇಲಧಿಕಾರಿಗಳು ಅದನ್ನು ನಂಬಲಿಲ್ಲ. ಹೀಗಾಗಿ ಕವಚದ ಪ್ರತಿ ರಿವೆಟ್ಟಿನ ಹಿಂದೆಯೂ ಊರಿನ ಮೌನವಿದೆ.

ನಮ್ಮಲ್ಲಿ ಕೆಲವರಿಗೆ ಇಲ್ಲಿ ಹಲಗಲಿಯ ಬೇಡರು ನೆನಪಾಗಬಹುದು. ಹೋಲಿಕೆ ಬಹಳ ದೂರ ಸಾಗದು. 1857ರಲ್ಲಿ ಹಲಗಲಿಯವರು ಹೋರಾಡಿದ್ದು ತಮ್ಮಲ್ಲಿದ್ದ ಆಯುಧಗಳನ್ನು ಒಪ್ಪಿಸಲಾರೆವೆಂದು. ಇಡೀ ಊರೇ ಎದ್ದು ನಿಂತಿತ್ತು. ಇಲ್ಲಿ ಊರು ಕಬ್ಬಿಣ ಕೊಟ್ಟಿತು, ಬಾಯಿ ಮುಚ್ಚಿಕೊಂಡಿತು. ಅದು ಎದ್ದು ನಿಲ್ಲುತ್ತಿತ್ತೇ ಎಂಬುದೇ ಉತ್ತರ ಸಿಗದ ಪ್ರಶ್ನೆ. ಈಶಾನ್ಯ ವಿಕ್ಟೋರಿಯವನ್ನು ಸ್ವತಂತ್ರ ಗಣರಾಜ್ಯವೆಂದು ಘೋಷಿಸುವ ಯೋಜನೆ ಇತ್ತೆಂದು ಕೆಲವು ಇತಿಹಾಸಕಾರರು ವಾದಿಸಿದ್ದಾರೆ. ಅಂಥ ಘೋಷಣಾಪತ್ರ ಯಾವುದೂ ಸಿಕ್ಕಿಲ್ಲ. ನಾಲ್ಕು ಕವಚಗಳಿಂದ ಗಣರಾಜ್ಯವನ್ನು ಊಹಿಸುವುದು ಹೆಚ್ಚೆಂದೇ ನಮಗೆ ತೋರುತ್ತದೆ.

1880ರ ಜೂನ್ 26, ಶನಿವಾರ ರಾತ್ರಿ. ಜೋ ಬರ್ನ್ ತನ್ನ ಬಾಲ್ಯದ ಗೆಳೆಯ ಆರನ್ ಶೆರಿಟ್‌ನನ್ನು ಪೊಲೀಸರ ಬೇಹುಗಾರನೆಂದು ಅವನ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದ. ಕಾವಲಿಗೆಂದು ಒಳಗಿದ್ದ ನಾಲ್ವರು ಪೊಲೀಸರು ಬೆಳಗಾಗುವವರೆಗೆ ಹೊರಗೆ ತಲೆ ಹಾಕಲಿಲ್ಲ. ಕೊಲೆಯ ಸುದ್ದಿ ಕೇಳಿ ಮೆಲ್ಬರ್ನಿನಿಂದ ವಿಶೇಷ ರೈಲು ಪೊಲೀಸರನ್ನು ತುಂಬಿಕೊಂಡು ಬರುತ್ತದೆ; ಗ್ಲೆನ್‌ರೋವನ್ ನಿಲ್ದಾಣದ ಆಚೆ, ತಿರುವಿನಲ್ಲಿ, ಹಳಿ ಕಿತ್ತಿರಬೇಕು; ರೈಲು ಉರುಳಬೇಕು; ಕವಚಧಾರಿಗಳು ಮೇಲೆ ನಿಂತು ಉಳಿದವರನ್ನು ಎದುರಿಸಬೇಕು. ಇದು ಯೋಜನೆ. ಇದನ್ನು ಯಾವ ಮಾತಿನಿಂದಲೂ ಮೃದುಗೊಳಿಸಲಾಗದು. ಅದು ಸಾಮೂಹಿಕ ಕೊಲೆಯ ಯೋಜನೆ. ಆದರೆ ಶೆರಿಟ್ ಮನೆಯ ಪೊಲೀಸರ ಅಂಜುಬುರುಕುತನವೇ ಲೆಕ್ಕ ತಪ್ಪಿಸಿತು. ಸುದ್ದಿ ತಡವಾಗಿ ಹೊರಟಿತು. ರೈಲು ಭಾನುವಾರ ಬರಲೇ ಇಲ್ಲ. ಅಷ್ಟರಲ್ಲಿ ಹಳಿ ಕೀಳಲು ಬೆದರಿಸಿ ಕರೆತಂದ ರೈಲ್ವೆ ಕೆಲಸಗಾರರು, ದಾರಿಹೋಕರು, ಊರವರು, ಮಕ್ಕಳು ಸೇರಿ ಅರವತ್ತಕ್ಕೂ ಮಿಕ್ಕಿದ ಒತ್ತೆಯಾಳುಗಳು ಆನ್ ಜೋನ್ಸ್ ಎಂಬಾಕೆಯ ಹೋಟೆಲಿನಲ್ಲಿ ತುಂಬಿಹೋಗಿದ್ದರು. ಕುಡಿತ, ಕುಣಿತಗಳೂ ನಡೆದವು. ಭಾನುವಾರ ರಾತ್ರಿ ಥಾಮಸ್ ಕರ್ನೋ ಎಂಬ ಶಾಲಾ ಮಾಸ್ತರ ಹೆಂಡತಿ ಮಕ್ಕಳೊಂದಿಗೆ ಮನೆಗೆ ಹೋಗುತ್ತೇನೆಂದು ವಿನಯದಿಂದ ಕೇಳಿಕೊಂಡ. ನೆಡ್ ನಂಬಿ ಬಿಟ್ಟ. ನಸುಕಿನಲ್ಲಿ ರೈಲಿನ ಸದ್ದು ಕೇಳಿದಾಗ ಮಾಸ್ತರ ಕೆಂಪು ಶಾಲಿನ ಹಿಂದೆ ಮೇಣದಬತ್ತಿ ಹಿಡಿದು ಹಳಿಯ ಪಕ್ಕ ನಿಂತ. ರೈಲು ನಿಂತಿತು.

ಸೋಮವಾರ ಬೆಳಗಿನ ಜಾವ ಮೂರರ ಹೊತ್ತಿಗೆ ನಾಲ್ವರೂ ಕಬ್ಬಿಣ ತೊಟ್ಟು ಹೋಟೆಲಿನ ಜಗಲಿಯಲ್ಲಿದ್ದರು. ಮೊದಲ ಗುಂಡುಗಳಲ್ಲೇ ಪೊಲೀಸ್ ಅಧಿಕಾರಿ ಹೇರ್ ಮುಂಗೈಗೆ ಪೆಟ್ಟು ತಿಂದ; ನೆಡ್‌ಗೆ ಎಡತೋಳು, ಕಾಲುಗಳಿಗೆ ಗಾಯ. ಕಬ್ಬಿಣವಿಲ್ಲದ ಕಡೆಯೇ ಗುಂಡು ಹೊಕ್ಕಿತು. ಜೋ ಬರ್ನ್ ಒಳಗೆ ಮದ್ಯದ ಲೋಟ ಎತ್ತಿದಾಗ ತೊಡೆಸಂದಿಗೆ ಗುಂಡು ಬಿದ್ದು ಸತ್ತ. ಮುಂದಿನ ಫಲಕದ ಪಕ್ಕದ ಸಂದು ಅದು.

ಇನ್ನು ಆ ಹೋಟೆಲು. ಅದು ಇಟ್ಟಿಗೆಯ ಕಟ್ಟಡವಲ್ಲ, ತೆಳು ಹಲಗೆಯದು. ಮಾರ್ಟಿನಿ-ಹೆನ್ರಿಯ ಗುಂಡು ಆ ಗೋಡೆಗಳನ್ನು ತೂರಿ ಒಳಗೆ ಬರುತ್ತಿತ್ತು. ಒಳಗೆ ನೆಲಕ್ಕೆ ಅಂಟಿ ಮಲಗಿದ್ದವರು ನೆರೆಹೊರೆಯವರು, ಕೂಲಿಗಳು, ತಾಯಂದಿರು. ಹೋಟೆಲಿನೊಡತಿಯ ಮಗ, ಹದಿಮೂರು ವರ್ಷದ ಜಾಕ್ ಜೋನ್ಸ್, ಪೊಲೀಸರ ಗುಂಡಿಗೆ ಸಿಕ್ಕಿ ಸತ್ತ. ಮಾರ್ಟಿನ್ ಚೆರಿ ಎಂಬ ಮುದುಕ ಸತ್ತ. ಗಾಯಗೊಂಡ ಇನ್ನೊಬ್ಬ ಒತ್ತೆಯಾಳು ಜಾರ್ಜ್ ಮೆಟ್‌ಕಾಫ್ ತಿಂಗಳುಗಳ ನಂತರ ಸತ್ತ. ಒಳಗೆ ಹೆಂಗಸರು ಮಕ್ಕಳಿದ್ದಾರೆಂದು ಗೊತ್ತಿದ್ದೂ ಪೊಲೀಸರು ಗುಂಡು ಹಾರಿಸಿದ್ದಕ್ಕೆ ಕ್ಷಮೆಯಿಲ್ಲ. ಅವರನ್ನು ಅಲ್ಲಿ ಕೂಡಿಹಾಕಿದ್ದಕ್ಕೂ ಇಲ್ಲ. ಊರಿನ ನೇಗಿಲುಗಳಿಂದ ಕವಚಗಳಾದವು, ಊರು ಗುಟ್ಟು ಕಾಯಿತು. ಗುಂಡು ಹಾರುವ ಹೊತ್ತಿಗೆ ಕಬ್ಬಿಣ ನಾಲ್ವರ ಮೈಮೇಲಿತ್ತು, ಊರಿನ ಜನಕ್ಕೆ ಮರದ ಹಲಗೆಯೂ ಆಸರೆಯಾಗಲಿಲ್ಲ. ಅಭಿಮಾನಿಗಳ ಪುಸ್ತಕಗಳಲ್ಲಿ ಈ ಮಾತು ಪುಟದ ಅಡಿಯಲ್ಲಿ ಸಣ್ಣದಾಗಿ ಬರುತ್ತದೆ. ಕವಚವನ್ನು ಕುರಿತ ಯಾವುದೇ ಬರಹದಲ್ಲಿ ಇದು ನಡುವೆ ಬರಬೇಕೆಂದು ನಾವು ಭಾವಿಸುತ್ತೇವೆ.

ನೆಡ್ ಕತ್ತಲಲ್ಲಿ ಪೊಲೀಸರ ಸುತ್ತುವರಿಕೆಯಿಂದ ಹೊರಗೆ ಹೋಗಿದ್ದ. ರಕ್ತ ಹತ್ತಿದ ಅವನ ಬಂದೂಕು, ಶಿರಸ್ತ್ರಾಣದ ಒಳಗೆ ಹಾಕಿಕೊಳ್ಳುವ ದಪ್ಪ ಟೋಪಿ ಪೊದೆಗಳ ಬಳಿ ಸಿಕ್ಕವು. ಅಲ್ಲಿಂದಲೇ ಅವನು ಕಾಡು ಸೇರಬಹುದಿತ್ತು. ಆದರೆ ತಮ್ಮ ಒಳಗಿದ್ದ. ಬೆಳಗ್ಗೆ ಏಳರ ಸುಮಾರಿಗೆ, ಮಂಜಿನ ನಡುವೆ, ಕವಚದ ಮೇಲೆ ಉದ್ದನೆಯ ಕೋಟು ತೊಟ್ಟ ಒಂದು ದೊಡ್ಡ ಆಕೃತಿ ಪೊಲೀಸರ ಬೆನ್ನ ಹಿಂದಿನಿಂದ ನಡೆದುಬಂತು. ಗುಂಡು ಹಾರಿಸಿದರು, ಅದು ತೂರಾಡಿತು, ಬೀಳಲಿಲ್ಲ. ಭೂತವೆಂದು ಬೆದರಿದವರೂ ಇದ್ದರು. ರಿವಾಲ್ವರಿನ ಹಿಡಿಯಿಂದ ಅವನು ಎದೆಯ ಫಲಕವನ್ನು ಬಡಿದಾಗ ಗಂಟೆಯಂಥ ಸದ್ದು ಬಂತೆಂದು ಕಂಡವರು ಹೇಳಿದ್ದಾರೆ. ಸುಮಾರು ಅರ್ಧ ಗಂಟೆ ಹೀಗೆ ನಡೆಯಿತು. ಕೊನೆಗೆ ಸಾರ್ಜೆಂಟ್ ಸ್ಟೀಲ್ ಕಬ್ಬಿಣವಿಲ್ಲದ ಕಾಲುಗಳಿಗೆ ಗುರಿಯಿಟ್ಟ. ನೆಡ್ ಕುಸಿದ. ಕವಚ ಬಿಚ್ಚಿದಾಗ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಗಾಯಗಳಿದ್ದವು. ಅವೆಲ್ಲ ಕೈಕಾಲುಗಳಲ್ಲಿ, ತೊಡೆಸಂದಿನಲ್ಲಿ. ಕಬ್ಬಿಣದಡಿಯಲ್ಲಿ, ಸೊಂಟಕ್ಕೆ, ಅವೆನೆಲ್‌ನವರು ಕೊಟ್ಟ ಹಸಿರು ರೇಷ್ಮೆಯ ಪಟ್ಟಿಯಿತ್ತು. ರಕ್ತದ ಕಲೆಯೊಂದಿಗೆ ಅದು ಬೆನಲ್ಲಾ ಊರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. ಸಹಜ ಕವಚವನ್ನು ಕಿತ್ತುಕೊಟ್ಟ ಕರ್ಣನ ಕಥೆ ಕೇಳಿ ಬೆಳೆದ ನಮಗೆ, ಕಟ್ಟಿಕೊಂಡ ಕವಚದೊಳಗೂ ಒಬ್ಬ ಕಾಪಾಡಿದ ಜೀವದ ನೆನಪನ್ನು ಸುತ್ತಿಕೊಂಡ ಈ ಮನುಷ್ಯ ಸುಲಭಕ್ಕೆ ಬಗೆಹರಿಯುವುದಿಲ್ಲ. ಅವನೇ ಸ್ಟ್ರಿಂಗಿಬಾರ್ಕ್‌ನಲ್ಲಿ ಗಾಯಗೊಂಡು ಬಿದ್ದ ಕೆನಡಿಯ ಎದೆಗೆ ಗುಂಡಿಕ್ಕಿದವನು.

ಬೆಳಗಿನ ಹೊತ್ತಿಗೆ ಒತ್ತೆಯಾಳುಗಳು ಹೊರಬಂದರು. ಉಳಿದ ಇಬ್ಬರಿಗಾಗಿ ಮೆಲ್ಬರ್ನಿನಿಂದ ಫಿರಂಗಿಯೊಂದು ಹೊರಟಿತ್ತು. ಅದು ಬರುವ ಮುನ್ನವೇ ಮಧ್ಯಾಹ್ನ ಪೊಲೀಸರು ಹೋಟೆಲಿಗೆ ಬೆಂಕಿಯಿಟ್ಟರು. ಉರಿಯುವ ಮನೆಗೆ ನುಗ್ಗಿದ ಪಾದ್ರಿ ಗಿಬ್ನಿ ಡ್ಯಾನ್, ಸ್ಟೀವ್ ಇಬ್ಬರೂ ಆಗಲೇ ಸತ್ತು ಮಲಗಿದ್ದುದನ್ನು ಕಂಡ. ಅವರ ಕವಚಗಳು ಬೂದಿಯಲ್ಲಿ ಸಿಕ್ಕವು. ಅಕ್ಟೋಬರಿನಲ್ಲಿ ವಿಚಾರಣೆ, ಮತ್ತೆ ಅದೇ ರೆಡ್ಮಂಡ್ ಬ್ಯಾರಿ. ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಸಹಿಯಿದ್ದ ಮನವಿಯನ್ನು ಬದಿಗಿಟ್ಟು 1880ರ ನವೆಂಬರ್ 11ರಂದು ಮೆಲ್ಬರ್ನ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಹನ್ನೆರಡು ದಿನಗಳಲ್ಲಿ ಬ್ಯಾರಿಯೂ ತೀರಿಕೊಂಡರು. ಮುಂದಿನ ವರ್ಷ ನೇಮಕವಾದ ರಾಜ ಆಯೋಗ ಪೊಲೀಸ್ ಇಲಾಖೆಯನ್ನೇ ಕಟಕಟೆಗೆ ತಂದಿತು.

ಕವಚಗಳನ್ನು ನಾಶ ಮಾಡಬೇಕೆಂದು ಪೊಲೀಸ್ ಮುಖ್ಯಸ್ಥರು ಬಯಸಿದ್ದರು. ಅವು ನೆನಪಿನ ಪೂಜೆಗೆ ವಿಗ್ರಹಗಳಾದಾವೆಂಬ ಅವರ ಭಯ ನಿರಾಧಾರವಾಗಿರಲಿಲ್ಲ. ನಾಶವಾಗಲಿಲ್ಲ, ಚೆಲ್ಲಾಪಿಲ್ಲಿಯಾದವು. ಒಬ್ಬನ ಭುಜದ ತಗಡು ಇನ್ನೊಬ್ಬನ ಎದೆಯೊಂದಿಗೆ ಸೇರಿಹೋಯಿತು. 2002ರಲ್ಲಿ ಸಂಸ್ಥೆಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡು ಜೋಡಿಗಳನ್ನು ಸರಿಪಡಿಸಿದವು. ಜೋ ಬರ್ನ್‌ನ ಕವಚವನ್ನು ಹೇರ್ ತನ್ನ ಸ್ನೇಹಿತ, ಸಿರಿವಂತ ಸರ್ ವಿಲಿಯಂ ಕ್ಲಾರ್ಕ್‌ಗೆ ಕೊಟ್ಟ. ಕ್ಲಾರ್ಕ್‌ನ ರೂಪರ್ಟ್ಸ್‌ವುಡ್ ಮಹಲು ಕ್ರಿಕೆಟ್ ಪ್ರಿಯರಿಗೆ ಬೇರೊಂದು ಕಾರಣಕ್ಕೆ ಗೊತ್ತು: ಆಶಸ್ ಸರಣಿಯ ಪುಟ್ಟ ಬೂದಿಗುಡುವೆ ಹುಟ್ಟಿದ್ದು ಆ ಮನೆಯಲ್ಲೇ. ಊರಿನ ನೇಗಿಲುಗಳಿಂದಾದ ಕವಚ ದೊಡ್ಡ ಭೂಮಾಲೀಕನ ಮನೆಯ ಅಲಂಕಾರವಾಯಿತೆಂಬುದನ್ನು ಸಣ್ಣ ಹಿಡುವಳಿದಾರರು ಹೇಗೆ ಕಂಡರೋ.

ಆಮೇಲಿನದು ವೇಷದ ಚರಿತ್ರೆ. 1906ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ತೆರೆಕಂಡ ‘ದಿ ಸ್ಟೋರಿ ಆಫ್ ದಿ ಕೆಲ್ಲಿ ಗ್ಯಾಂಗ್’ ಒಂದು ಗಂಟೆಗೂ ಹೆಚ್ಚು ಉದ್ದದ ಚಿತ್ರ. ಜಗತ್ತಿನ ಮೊದಲ ಪೂರ್ಣಾವಧಿ ಕಥಾಚಿತ್ರವೆಂದು ಯುನೆಸ್ಕೊ ಅದನ್ನು ಗುರುತಿಸಿದೆ. ನಟನೊಬ್ಬ ಕವಚ ತೊಟ್ಟು ಮರಗಳ ನಡುವೆ ನಡೆದು ಬರುವ ದೃಶ್ಯ ಉಳಿದಿರುವ ತುಣುಕುಗಳಲ್ಲಿದೆ. ಬೆನಲ್ಲಾ, ವಂಗರಟ್ಟಾ ಊರುಗಳಲ್ಲಿ ಸರ್ಕಾರ ಆ ಚಿತ್ರವನ್ನು ನಿಷೇಧಿಸಿತು. ಇಪ್ಪತ್ತೇಳು ವರ್ಷಗಳಾದರೂ ಅಲ್ಲಿ ಆ ಕಬ್ಬಿಣ ತಣ್ಣಗಾಗಿರಲಿಲ್ಲ. 1946–47ರಲ್ಲಿ ಚಿತ್ರಕಾರ ಸಿಡ್ನಿ ನೋಲನ್ ಶಿರಸ್ತ್ರಾಣವನ್ನು ಬರಿಯ ಕಪ್ಪು ಚೌಕವಾಗಿಸಿದ. ಕಣ್ಣಿನ ಸೀಳಿನಲ್ಲಿ ಕೆಲವೊಮ್ಮೆ ಮುಖದ ಬದಲು ಆಕಾಶ ಕಾಣುತ್ತದೆ. 2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಆ ಕಪ್ಪು ಚೌಕಗಳ ದಂಡೇ ಮೈದಾನಕ್ಕಿಳಿಯಿತು. ಈಗ ಮನೆಯಂಗಳದಲ್ಲೇ ತಗಡು ಕತ್ತರಿಸಿ, ಸುರುಳಿ ಸುತ್ತಿ, ಸೀಳು ಕೊಯ್ದು ಇಂಥ ಶಿರಸ್ತ್ರಾಣ ಮಾಡಿಕೊಳ್ಳುವವರು ಆಸ್ಟ್ರೇಲಿಯದಲ್ಲಿದ್ದಾರೆ. ಗೇಟಿನ ಬಳಿ ಅದನ್ನು ಅಂಚೆಪೆಟ್ಟಿಗೆಯಾಗಿ ನಿಲ್ಲಿಸುವವರೂ ಉಂಟು. ಕೆಲ್ಲಿಯ ಶಿರಸ್ತ್ರಾಣ ಕಬ್ಬಿಣ ಒಂದೇ ದಿಕ್ಕಿಗೆ ಬಾಗಿದ ಸರಳ ವಸ್ತುವಾದ್ದರಿಂದಲೇ ಇದು ಸಾಧ್ಯ. ಹೊಸಬನೂ ಒಂದು ರಜಾದಿನದಲ್ಲಿ ಮಾಡಬಲ್ಲ. ಈ ವೇಷಗಳಿಗೆ ತೆಳು ತಗಡು ಸಾಕು. ಆರು ಮಿಲಿಮೀಟರಿನ ಕಬ್ಬಿಣವನ್ನು ಹಬ್ಬದ ಮೆರವಣಿಗೆಗೆ ಯಾರು ತೊಟ್ಟಾರು?

ನೆಡ್‌ನ ಎಲುಬುಗಳನ್ನು ಜೈಲಿನ ಅಂಗಳದಿಂದ ಇನ್ನೊಂದು ಜೈಲಿಗೆ ಸಾಗಿಸಿ ಗುರುತಿಲ್ಲದ ಗುಂಡಿಯಲ್ಲಿ ಹೂಳಲಾಗಿತ್ತು. 2011ರಲ್ಲಿ ವಂಶವಾಹಿ ಪರೀಕ್ಷೆಯಿಂದ ಅವನ್ನು ಗುರುತಿಸಿದರು. 2013ರ ಜನವರಿಯಲ್ಲಿ ಮನೆತನದವರು ಗ್ರೀಟಾದಲ್ಲಿ, ತಾಯಿ ಎಲೆನ್ ಮಲಗಿರುವ ಸ್ಮಶಾನದಲ್ಲಿ, ಮಣ್ಣು ಮಾಡಿದರು. ತಲೆಬುರುಡೆಯ ಬಹುಭಾಗ ಅದರಲ್ಲಿರಲಿಲ್ಲ.